ಅಳುವ ಮಗುವನ್ನು ಕೊಡದ ಲತಾಮಣಿ

ಹಗರೆಯ ಅಂಗನವಾಡಿಗೆ ನಾನು ಆಯಾ ಆಗಿ ಸೇರಿದಾಗ ಲತಾಮಣಿ ಟೀಚರ್ ಇನ್ನೂ ಹುಡುಗಿ. ನಮ್ಮೂರಿನವಳೇ, ದ್ಯಾವಯ್ಯನ ಮಗಳು. ಮನೆಯಲ್ಲಿ ಬುದ್ಧನ ಫೋಟೋ, ಬಾಯಲ್ಲಿ ಮೆತ್ತನೆಯ ಮಾತು. ಇಂಥವಳು ನಮ್ಮೂರ ಪಿಳ್ಳೆಗಳನ್ನು ಹೇಗೆ ಹತೋಟಿಗೆ ತಂದಾಳು ಎಂದು ಊರೆಲ್ಲ ಮೂಗು ಮುರಿಯಿತು. ಊರಿಗೇನು, ಮೂಗು ಮುರಿಯಲು ಕಾರಣ ಬೇಕೇ?

ನಮ್ಮ ಕಡೆ ಮಗುವನ್ನು ಬಿಡಲು ಬಂದವರು ಮೊದಲು ಹೇಳುತ್ತಿದ್ದುದೇ ಇದು: "ಕಣ್ಣೊಂದು ಬಿಟ್ಟು ಎಲ್ಲಿಗಾದ್ರೂ ಬಾರ್ಸಿ ಮೇಡಮ್, ನಾವೇನೂ ಕೇಳಕಿಲ್ಲ." ಮಗುವನ್ನು ದಾನ ಕೊಟ್ಟವರ ಹಾಗೆ ಹೇಳಿ ಹೊರಟೇಬಿಡುತ್ತಿದ್ದರು. ಲತಾಮಣಿ ನಗುತ್ತಿದ್ದಳು. "ಮೂಗು ಒರೆಸಿ, ಉಗುರು ಕತ್ತರಿಸಿ, ಕೈ ತೊಳೆಸೋ ಹೊತ್ತಿಗೆ ಮಧ್ಯಾಹ್ನ ಆಗುತ್ತೆ. ಹೊಡೆಯೋಕೆ ಪುರುಸೊತ್ತೆಲ್ಲಿ?" ಕಚ್ಚಾಡಿದ ಮಕ್ಕಳಿಗೂ ಅವಳಲ್ಲಿ ಏಟಿರಲಿಲ್ಲ. ಊಟಕ್ಕೆ ಮುಂಚೆ ಒಬ್ಬರ ಕೈಗೆ ಇನ್ನೊಬ್ಬರು ಚೊಂಬಿನಿಂದ ನೀರು ಹಾಕಬೇಕು, ಅಷ್ಟೇ ಶಿಕ್ಷೆ. ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡು ಇಬ್ಬರೂ ನಗುತ್ತಿದ್ದರು. ನೆಲ ಒರೆಸುವ ಶಿಕ್ಷೆ ಮಾತ್ರ ನನಗೆ.

ಒಂದು ವಿಷಯದಲ್ಲಿ ಮಾತ್ರ ಅವಳು ಕಲ್ಲು. ಅಂಗನವಾಡಿ ಇದ್ದದ್ದು ಊರ ಸಾಹುಕಾರರಾದ ಲಕ್ಕಪ್ಪನವರು ತಮ್ಮ ತೋಟದಂಚಿನಲ್ಲಿ ಬಿಟ್ಟುಕೊಟ್ಟ ತೆಂಗಿನಕಾಯಿ ಕೊಠಡಿಯಲ್ಲಿ. ಹೊಸ್ತಿಲು ದಾಟಿದರೆ ರಸ್ತೆ, ರಸ್ತೆಯ ತುಂಬ ಬೇಲೂರಿನ ಬಸ್ಸುಗಳು. ಮಧ್ಯಾಹ್ನ ಯಾರೇ ಕರೆಯಲು ಬರಲಿ, ಲತಾಮಣಿ ಮಗುವನ್ನು "ಯಾರಪ್ಪ ಇವರು?" ಎಂದು ಕೇಳಬೇಕು, ಮಗು ಹೇಳಬೇಕು, ತಾನಾಗಿ ನಡೆದು ಹೋಗಿ ಅವರ ಕೈ ಹಿಡಿಯಬೇಕು. ಅಳುವ ಮಗುವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ತೊಂಬತ್ತೆಂಟರಲ್ಲಿ ಲಕ್ಕಪ್ಪನವರ ಮಗಳು ಅರಸೀಕೆರೆಯಿಂದ ಎರಡನೆಯ ಬಾಣಂತನಕ್ಕೆ ಬಂದಳು. ಮೊದಲನೆಯವನು ಮಧುಕುಮಾರ ಅಂಗನವಾಡಿಗೆ ಬರತೊಡಗಿದ. ಅಜ್ಜಿ ವೆಂಕಟಲಕ್ಷ್ಮಮ್ಮ ಕರೆಯಲು ಬಂದರೆ ಕುಣಿದು ಹೋಗುತ್ತಿದ್ದ. ಒಂದು ದಿನ ಅಜ್ಜಿಗೆ ಬಾಣಂತಿಯ ನೀರು ಕಾಯಿಸುವ ಕೆಲಸ, ಲಕ್ಕಪ್ಪನವರೇ ಬಂದರು.

ಇಲ್ಲೊಂದು ಮಾತು ಹೇಳಲೇಬೇಕು. ಲಕ್ಕಪ್ಪನವರದು ಗಿರಿಜಾ ಮೀಸೆ, ಕೆಮ್ಮಿದರೆ ಕಾಗೆ ಹಾರುವ ಗಂಟಲು. ಮುದ್ದೆ ನುಂಗದ ಮಕ್ಕಳಿಗೆ ನಮ್ಮೂರ ತಾಯಂದಿರು ಬೇರೆ ಊರಿನವರ ಹಾಗೆ ಬರಿಯ ಗುಮ್ಮನನ್ನು ತೋರಿಸುತ್ತಿರಲಿಲ್ಲ. "ಲಕ್ಕಪ್ಪ ಬತ್ತಾನೆ, ನುಂಗು" ಎನ್ನುತ್ತಿದ್ದರು. ಅವರಿಗೂ ಇದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಅವರು ಬಾಗಿಲಲ್ಲಿ ಕೆಮ್ಮಿದ್ದೇ ತಡ, ಮಕ್ಕಳೆಲ್ಲ ಚಾಪೆಯಡಿ ತೂರಿದವು. ಆ ಮಕ್ಕಳಿಂದಲೇ ಹೆದರಿಕೆ ಕಲಿತಿದ್ದ ಮಧು, ಮನೆಯ ತಾತ ಎಂಬುದನ್ನೂ ಮರೆತು, ನನ್ನ ಸೆರಗಿನೊಳಗೆ ಸೇರಿಕೊಂಡ.

"ಯಾರಪ್ಪ ಇವರು?" ಲತಾಮಣಿ ಕೇಳಿದಳು.

"ಗುಮ್ಮ" ಎಂದು ಮಗು ಗೋಳೋ ಎಂದು ಅತ್ತಿತು.

ಇವತ್ತು ನಿಮ್ಮ ಜೊತೆ ಕಳಿಸೋಕಾಗಲ್ಲ ಎಂದಳು ಲತಾಮಣಿ. ಲಕ್ಕಪ್ಪನವರ ಮುಖ ಕಪ್ಪಿಟ್ಟಿತು. "ನನ್ ಜಾಗದಲ್ಲಿ ಕುಂತ್ಕಂಡು ನನ್ ಮೊಮ್ಮಗನ್ನ ನಂಗೇ ಕೊಡಕಿಲ್ಲ ಅಂತೀಯಾ? ನಾಳೆಯಿಂದ ಬಾಗ್ಲಿಗೆ ಬೀಗ ಐತೆ, ನೋಡ್ಕೋ."

"ಹಾಕ್ಕೊಳ್ಳಿ" ಎಂದಳು ಲತಾಮಣಿ. "ಇವತ್ತು ಅಳೋ ಮಗೂನ ತಾತ ಅಂತ ಎಳ್ಕೊಂಡು ಹೋಗೋಕೆ ಬಿಟ್ರೆ, ನಾಳೆ ಯಾರೇ ಎಳ್ಕೊಂಡು ಹೋದ್ರೂ ತಾತ ಇರಬೇಕು ಅಂದ್ಕೋತೀವಿ. ವೆಂಕಟಲಕ್ಷ್ಮಮ್ಮನವರನ್ನ ಕಳಿಸಿ."

ಅಜ್ಜಿ ಬಂದು ಕರೆದುಕೊಂಡು ಹೋದರು. ಮಾರನೆಯ ಬೆಳಿಗ್ಗೆ ಬಾಗಿಲಿಗೆ ನಿಜವಾಗಿಯೂ ಬೀಗ. ನನಗೆ ಮೈಯೆಲ್ಲ ಉರಿಯಿತು. ಊರಲ್ಲಿ ಬೇರೆ ಜಾಗವಿಲ್ಲ. ಅಂಗನವಾಡಿ ಮುಚ್ಚಿದರೆ ಕೂಲಿಗೆ ಹೋಗುವವರ ಮಕ್ಕಳು ಇದೇ ರಸ್ತೆಯಲ್ಲಿ ಮಣ್ಣಾಡಬೇಕು. "ಆ ಮೀಸೆಗೆ ಬೆಂಕಿ ಬೀಳ" ಎಂದು ನಾನು ಶುರುಮಾಡಿದ್ದೆ, ಲತಾಮಣಿ ಬಾವಿಹಗ್ಗ ತರಲು ಹೇಳಿದಳು. ಮಕ್ಕಳೆಲ್ಲ ಹಗ್ಗ ಹಿಡಿದು ಸಾಲಾಗಿ ನಿಂತರು. ರಸ್ತೆಗೆ ಇಳಿಯದೆ, ಹಿಂದಿನ ತೋಟದೊಳಗಿಂದ ಸೀದಾ ಲಕ್ಕಪ್ಪನವರ ಜಗುಲಿಗೆ ನಡೆಸಿದಳು.

"ರಸ್ತೇಲಿ ಕೂರಿಸೋಕಾಗಲ್ಲ ಅಮ್ಮ. ಜಾಗ ಸಿಗೋವರೆಗೂ ಇಲ್ಲೇ ಇರ್ತೀವಿ" ಎಂದಳು. ಬಾಗಿಲಿಗೆ ಬಂದ ವೆಂಕಟಲಕ್ಷ್ಮಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಮಧು ಓಡಿ ಬಂದು ಹಗ್ಗ ಹಿಡಿದ.

ಗದ್ದಲಕ್ಕೆ ಲಕ್ಕಪ್ಪನವರು ಹೊರಬಂದರು. ಮಕ್ಕಳು ಒಟ್ಟಿಗೆ ಹಿಂದಕ್ಕೆ ಜಗ್ಗಿದವು. ಹಗ್ಗದ ತುದಿ ಹಿಡಿದಿದ್ದ ನಾನು ಕುಕ್ಕರಿಸಿ ಬಿದ್ದೆ. ಅವರಿಗೆ ನಗು ಬಂತು, ತಡೆದುಕೊಂಡರು.

ಲತಾಮಣಿ ಹಿತ್ತಾಳೆ ಚೊಂಬು ತುಂಬಿ ಅವರ ಮುಂದೆ ಹಿಡಿದಳು. "ಮಕ್ಕಳ ಕೈ ತೊಳೆಸಬೇಕು. ನೀರು ಹಾಕ್ತೀರಾ?"

ಲಕ್ಕಪ್ಪನವರು ಒಮ್ಮೆ ಅವಳನ್ನೂ ಒಮ್ಮೆ ಮಧುವನ್ನೂ ನೋಡಿ, ಚೊಂಬು ತೆಗೆದುಕೊಂಡು ಕುಕ್ಕರುಗಾಲಲ್ಲಿ ಕೂತರು. ಬಹಳ ಹೊತ್ತು ಯಾರೂ ಹತ್ತಿರ ಹೋಗಲಿಲ್ಲ. ಆಮೇಲೆ ಒಂದು ಪೋರಿ ಕೈ ಚಾಚಿದಳು, ನೀರು ಬಿತ್ತು, ಗುಮ್ಮ ಏನೂ ಮಾಡಲಿಲ್ಲ. ಉಳಿದವು ಒಂದನ್ನೊಂದು ತಳ್ಳಿಕೊಂಡು ಬಂದವು. ಒಬ್ಬನಂತೂ ಒದ್ದೆ ಕೈಯಲ್ಲಿ ಮೀಸೆಯನ್ನೇ ಮುಟ್ಟಿ ನೋಡಿದ. ಕೊನೆಗೆ ಮಧು ಬಂದ. ಅವನ ಪುಟ್ಟ ಕೈಗಳಿಗೆ ಲಕ್ಕಪ್ಪನವರು ಚೊಂಬು ಬರಿದಾಗುವವರೆಗೂ ನೀರು ಹಾಕಿದರು.

ಅವತ್ತು ಅವರೇ ಬಂದು ಬೀಗ ತೆಗೆದರು. ಮಧ್ಯಾಹ್ನ ಕರೆಯಲು ಬಂದವರು ಕೆಮ್ಮದೆ, ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತರು. ಇಷ್ಟೆಲ್ಲ ಆದಮೇಲಾದರೂ ಸುಮ್ಮನೆ ಕಳಿಸಬಾರದೇ ಈ ಹುಡುಗಿ ಎಂದು ನಾನು ಹಣೆ ಚಚ್ಚಿಕೊಂಡೆ. ಊಹೂಂ. ಲತಾಮಣಿ ಮಧುವಿನ ಮುಂದೆ ಬಗ್ಗಿ ಕೇಳಿಯೇ ಕೇಳಿದಳು, "ಯಾರಪ್ಪ ಇವರು?"

"ನಮ್ ತಾತ" ಎಂದು ಮಧು ಹೋಗಿ ಅವರ ಬೆರಳು ಹಿಡಿದುಕೊಂಡ.

ಲಕ್ಕಪ್ಪನವರು ಅಲ್ಲಿಂದ ಕದಲಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಇನ್ನೊಂದ್ಸಲ ಕೇಳಿ ಮೇಡಮ್ಮೋರೆ" ಎಂದರು.