ಮರದ ಬುಡದ ಲಕ್ಷ್ಮಿ

ಜಪಾನಿನ ನಿಶಿ ಕಸಾಯಿಯಲ್ಲಿ ನಮಗೆ ಮನೆ ಸಿಗುವ ಮೊದಲು ಐವರು ಮಾಲೀಕರು ವಿದೇಶಿಯರು ಬೇಡವೆಂದರು. ನಮ್ಮ ಮುಖಕ್ಕೆ ಯಾರೂ ಹೇಳಲಿಲ್ಲ. ಏಜೆಂಟ್ ನಮ್ಮೆದುರೇ ಫೋನ್ ಮಾಡುತ್ತಿದ್ದ, ಉತ್ತರ ಕೇಳಿ ಫೋನಿಡುತ್ತಿದ್ದ, ಸೊಂಟ ಬಗ್ಗಿಸಿ 'ಸುಮಿಮಾಸೆನ್', ಕ್ಷಮಿಸಿ, ಎನ್ನುತ್ತಿದ್ದ. ಅಷ್ಟು ಮರ್ಯಾದೆಯಿಂದ ಯಾರೂ ನಮ್ಮನ್ನು ಅದುವರೆಗೆ ಹೊರಗೆ ಕಳಿಸಿರಲಿಲ್ಲ. ನನ್ನ ಗಂಡನ ಆಫೀಸಿರುವ ಮಿನಾಟೋದಲ್ಲಿ ವಿದೇಶಿಯರೆಂದರೆ ರಾಯಭಾರ ಕಚೇರಿಗಳವರು. ಅವರಿಗೆ ಬಾಗಿಲು ತೆಗೆಯಲೆಂದೇ ಬಿಳಿ ಕೈಗವಸಿನವರು ನಿಂತಿರುತ್ತಾರೆ. ರೈಲಿನಲ್ಲಿ ಅರ್ಧ ಗಂಟೆ ಈಚೆ ಬಂದರೆ ಅದೇ ವಿದೇಶಿಯ ಬೆಲೆ ಬಿದ್ದುಹೋಗಿರುತ್ತದೆ.

ಆರನೆಯವರು ಗಂಡನ ಕಂಪನಿಯ ಹೆಸರು ಕೇಳಿ ಒಪ್ಪಿದರು. ಆ ಕಟ್ಟಡದ ಮೇಲಿನ ಮಹಡಿಗಳಲ್ಲಿ ನಮ್ಮಂಥ ಐಟಿ ಸಂಸಾರಗಳು. ನೆಲಮಹಡಿಯಲ್ಲಿ, ಬಿಸಿಲು ಬೀಳದ ಮನೆಯಲ್ಲಿ, ನೇಪಾಳದ ಅಡುಗೆಯವನು, ಅವನ ಹೆಂಡತಿ, ಇಬ್ಬರು ಮಕ್ಕಳು. ಸ್ಟೇಷನ್ ಹತ್ತಿರದ 'ಇಂಡಿಯನ್' ಹೋಟೆಲಿನಲ್ಲಿ ಅವನು ನಾನ್ ತಟ್ಟುತ್ತಿದ್ದ, ಭಾನುವಾರ ನಾವು ಹೋಗಿ ತಿಂದು ಹೊಗಳುತ್ತಿದ್ದೆವು. ಕಟ್ಟಡ ನೋಡಿಕೊಳ್ಳುವ ಅಜ್ಜ ಒಮ್ಮೆ, "ಕೆಳಗಿನವರೂ ಇಂಡಿಯಾದವರೇ?" ಎಂದು ಕೇಳಿದಾಗ ನಾನು "ಅಲ್ಲ, ಅಲ್ಲ" ಎಂದು ಎರಡು ಸಲ ಹೇಳಿದೆ. ಐದು ಮನೆಗಳಲ್ಲಿ ಆದ ಅವಮಾನ ಮರೆಯಲು ನನಗೆ ಒಂದು ತಿಂಗಳೂ ಬೇಕಾಗಲಿಲ್ಲ. ಸಮುದ್ರ ದಾಟಿದ ಮೇಲೂ ಮೇಲಿನ ಕೇರಿ, ಕೆಳಗಿನ ಕೇರಿ ಮಾಡಿಕೊಳ್ಳುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗಿರುವಾಗ ಮಗಳು ಮನೆಯೊಳಗೆ ಚೆಂಡಾಡಿ, ಅತ್ತೆ ಕೊಟ್ಟಿದ್ದ ಲಕ್ಷ್ಮಿಯ ಪಟದ ಗಾಜು ಒಡೆದಳು. ಒಡೆದ ಪಟ ಮನೆಯಲ್ಲಿಡುವಂತಿಲ್ಲ. ಹಾಕುವುದೆಲ್ಲಿಗೆ? ಕಸ ವಿಂಗಡಿಸುವ ಚಾರ್ಟಿನಲ್ಲಿ ಮುರಿದ ಛತ್ರಿಗೆ ಜಾಗವಿತ್ತು, ಬಾಣಲೆಗೆ ಜಾಗವಿತ್ತು, ಲಕ್ಷ್ಮಿಗೆ ಮಾತ್ರ ಇರಲಿಲ್ಲ. ಸುಡುವ ಕಸದ ಚೀಲಕ್ಕೆ ತುರುಕಲು ಕೈ ಬರಲಿಲ್ಲ. ಮೈಸೂರಿನಲ್ಲಾಗಿದ್ದರೆ ಅರಳಿಮರದ ಬುಡದಲ್ಲಿಟ್ಟು ಕೈಮುಗಿದು ಬರುತ್ತಿದ್ದೆ. ಇಲ್ಲಿ ಅರಳಿಮರ ಎಲ್ಲಿಂದ ತರುವುದು? ಬೆಳಿಗ್ಗೆ ಬೇಗ ಎದ್ದು, ಪಕ್ಕದ ಪಾರ್ಕಿನ ದೊಡ್ಡ ಮರವೊಂದಕ್ಕೆ ಪಟವನ್ನು ಒರಗಿಸಿ, ಕುಂಕುಮವಿಟ್ಟು, ತಪ್ಪಾಯಿತಮ್ಮ ಎಂದು ಹೇಳಿ ಬಂದೆ.

ಮಾರನೆಯ ದಿನ ಲಿಫ್ಟಿನ ಬಳಿ ಲಕ್ಷ್ಮಿಯ ಬಣ್ಣದ ಫೋಟೋ ಇರುವ ನೋಟಿಸು! ಪೊಲೀಸ್ ಠಾಣೆಯ ಗೋಡೆಯಲ್ಲಿ ಕಳ್ಳರ ಫೋಟೋ ಇರುತ್ತದಲ್ಲ, ಹಾಗೆ. ಕಂಡಲ್ಲಿ ಕಸ ಎಸೆಯುವುದು ಅಪರಾಧ, ವಿದೇಶಿ ನಿವಾಸಿಗಳು ಗಮನಿಸಬೇಕು ಎಂದು ಕೆಳಗೆ ಇಂಗ್ಲಿಷಿನಲ್ಲಿತ್ತು. ಅಜ್ಜ ಸಂಜೆಯೊಳಗೆ ತನಿಖೆ ಮುಗಿಸಿದರು. ಕೆಳಮನೆಯವರ ಹಣೆಯಲ್ಲಿ ಕುಂಕುಮ, ಪಟದ ಮೇಲೂ ಕುಂಕುಮ. ಇನ್ನೇನು ಸಾಕ್ಷಿ ಬೇಕು? ಅವರ ಬಾಡಿಗೆ ಕರಾರು ಮುಗಿಯುವುದರಲ್ಲಿತ್ತು. ಮಾಲೀಕರು ಅದನ್ನು ಮುಂದುವರಿಸುವುದಿಲ್ಲವೆಂದು ಗೊತ್ತಾಯಿತು.

ಗಂಡನಿಗೆ ಎಲ್ಲ ಹೇಳಿದೆ. "ನೀನು ಸುಮ್ನಿರು," ಎಂದರು. "ನಮ್ ಅಗ್ರಿಮೆಂಟೂ ರಿನ್ಯೂವಲ್‌ಗೆ ಬರತ್ತೆ. ಪಾಪು ಸ್ಕೂಲ್ ಇಲ್ಲೇ ಇದೆ. ಇಲ್ದಿರೋ ಟೆನ್ಷನ್ ಯಾಕೆ ಬೇಕು?" ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ತಡೆಯಲಾಗದೆ ಅಜ್ಜನ ಬಳಿ ಹೋಗಿ, ನನ್ನ ಹರಕುಮುರುಕು ಜಪಾನಿಯಲ್ಲಿ, "ಆ ಪಟ ನಮ್ಮದು, ಇಟ್ಟವಳು ನಾನು" ಎಂದೆ.

ಅಜ್ಜ ನಕ್ಕರು. ಇಲ್ಲಿ ಗೃಹಿಣಿಯರನ್ನು ಕರೆಯುವ ಹಾಗೆ, "ಒಕುಸಾನ್, ನಿಮ್ಮದು ಬಹಳ ಒಳ್ಳೆಯ ಮನಸ್ಸು" ಎಂದರು. "ಅವರನ್ನು ಕಾಪಾಡಲು ಹೀಗೆ ಹೇಳುತ್ತಿದ್ದೀರಿ. ನಿಮ್ಮ ಯಜಮಾನರು ದೊಡ್ಡ ಕಂಪನಿಯವರು. ಇಂಥದ್ದನ್ನು ನೀವು ಮಾಡುವವರಲ್ಲ."

ಈ ಊರಿನಲ್ಲಿ ತಪ್ಪು ಮಾಡುವ ಅರ್ಹತೆಯನ್ನೂ ಮಹಡಿ ನೋಡಿ ಕೊಡುತ್ತಾರೆಂದು ಆಗ ತಿಳಿಯಿತು. ಪಟದ ಹಿಂದೆ ಮೈಸೂರಿನ ಅಂಗಡಿಯ ಚೀಟಿ ಇತ್ತು, ತೋರಿಸಬಹುದಿತ್ತು. ಪಟ ಅಜ್ಜನ ಮೇಜಿನ ಕೆಳಗೇ ಇತ್ತು. ಅವರು ವಂದಿಸಲು ಬಗ್ಗಿದರು, ನಾನೂ ಬಗ್ಗಿದೆ. ಲಿಫ್ಟಿನೊಳಗೆ ಹೋದ ಮೇಲೆ ಮನಸ್ಸು ಹಗುರವಾಯಿತು. ಹಾಗೆ ಹಗುರವಾದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಡುಗೆಯವನಿಗೆ ಮನೆ ಸಿಕ್ಕಿದ್ದು ಎರಡು ರೈಲು ಬದಲಿಸಿ ಹೋಗಬೇಕಾದಷ್ಟು ದೂರದಲ್ಲಿ, ಊರು ಮುಗಿಯುವ ಕಡೆ. ಹೊರಡುವ ದಿನ ಅವನ ಹೆಂಡತಿ ಇಲ್ಲಿನ ರೂಢಿಯಂತೆ ಮನೆಮನೆಗೂ ಬಿಸ್ಕತ್ತಿನ ಡಬ್ಬಿ ಹಂಚುತ್ತ ನಮ್ಮ ಬಾಗಿಲಿಗೂ ಬಂದಳು. ನಮ್ಮಿಬ್ಬರ ಮಾತು ಹಿಂದಿಯಲ್ಲಿ.

"ನಮ್ಮಿಂದ ಎಲ್ಲರಿಗೂ ತೊಂದರೆಯಾಯಿತು, ದೀದಿ," ಎಂದಳು. "ಆ ಪಟ ನಮ್ಮದಲ್ಲ. ಯಾರದೋ, ಪಾಪ. ದೇವರನ್ನು ಕಸಕ್ಕೆ ಹಾಕಲು ಅವರಿಗೂ ಮನಸ್ಸು ಬಂದಿರಲಿಕ್ಕಿಲ್ಲ."

ನಾನು ಎರಡೂ ಕೈಯಲ್ಲಿ ಡಬ್ಬಿ ಇಸಿದುಕೊಂಡು, "ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ" ಎಂದೆ.