ಆನೆಗೆ ಹ ಬೇಡ

ನಮ್ಮ ಊರಿನ ಬಾಯಲ್ಲಿ 'ಹ' ಇಲ್ಲ. ಹಾಲು ಎಂದರೆ ಆಲು, ಹಸು ಎಂದರೆ ಅಸು, ಹೂವು ಎಂದರೆ ಊವು. ಹನೂರಿಗೆ ಹೋಗುವ ಬಸ್ಸಿಗೆ 'ಅನೂರಾ?' ಎಂದು ಕೇಳಿಯೇ ನಾವು ಹತ್ತುವುದು. ಕಂಡಕ್ಟರ್ ಬೇಡ ಎಂದಿಲ್ಲ. ನಾನು ಕಾಮಗೆರೆ ಕಡೆಯಿಂದ ಈ ಕಾಡಂಚಿನ ಊರಿಗೆ ಸೊಸೆಯಾಗಿ ಬಂದವಳು. ಅಲ್ಲಿಯೂ ಇದೇ ಮಾತು. ದಿನಾ ಬೆಳಗ್ಗೆ ವಿಭೂತಿ ಇಟ್ಟುಕೊಂಡು ಮಾದಪ್ಪನ ಮುಂದೆ 'ಆಲು ತಕಪ್ಪಾ ನನ್ನೊಡೆಯಾ' ಎಂದು ಲೋಟ ಇಡುತ್ತೇನೆ. ಅಕ್ಷರ ಸರಿಯಿಲ್ಲ ಎಂದು ಅವನು ಒಂದು ದಿನವೂ ಮುಖ ತಿರುಗಿಸಿದವನಲ್ಲ.

ಅಕ್ಷರ ಬೇಕಾದದ್ದು ಶಾಲೆಗೆ. ನಮ್ಮದು ಐದನೇ ತರಗತಿವರೆಗಿನ ಎರಡು ಕೋಣೆಯ ಶಾಲೆ. ಬಹಳ ಕಾಲ ಒಬ್ಬರೇ ಮೇಷ್ಟ್ರಿದ್ದರು. ಪಾಪ, ಅವರಾದರೂ ಏನು ಮಾಡಿಯಾರು, ಅರ್ಧ ವಾರ ಹನೂರಿನ ಮೀಟಿಂಗಿಗೇ ಸರಿಹೋಗುತ್ತಿತ್ತು. ಉಳಿದ ದಿನ ಎಲ್ಲ ತರಗತಿಯವರನ್ನೂ ಒಟ್ಟಿಗೆ ಕೂರಿಸಿ ಮಗ್ಗಿ ಕೂಗಿಸುತ್ತಿದ್ದರು. ಮಕ್ಕಳ ಪಾಯಿಖಾನೆಯಲ್ಲಿ ಮುರಿದ ಬೆಂಚು ತುಂಬಿ ಬೀಗ ಹಾಕಿತ್ತು.

ಆ ಮೇಷ್ಟ್ರು ನಿವೃತ್ತರಾದ ಮೇಲೆ ಬಡಗಣ ಸೀಮೆಯ ಒಬ್ಬ ಮಿಸ್ಸು ಬಂದರು. ಕೊಳ್ಳೇಗಾಲದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದರು. ಬಂದ ವಾರವೇ ಬೀಗ ಒಡೆಸಿ ಬೆಂಚು ಹೊರಗೆ ಹಾಕಿಸಿದರು. ಹೆಣ್ಣುಮಕ್ಕಳು ಲಂಟಾನ ಪೊದೆಯ ಹಿಂದಕ್ಕೆ ಹೋಗುವುದು ನಿಂತಿತು. ಹಳೆಯ ಬೆತ್ತವನ್ನು ಬಿಸಿಯೂಟದ ಒಲೆಗೆ ಕೊಟ್ಟರು. ಮೂರನೇ ತರಗತಿಯಲ್ಲಿದ್ದ ನನ್ನ ಮಗಳು ಸೋಪಿನ ಕಾಗದ, ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಕಂಡದ್ದನ್ನೆಲ್ಲ ಓದತೊಡಗಿದಳು. ನಾನು ಮಾದಪ್ಪನಿಗೆ ಕರ್ಪೂರ ಹಚ್ಚಿದೆ.

ತಂದೆತಾಯಿಯರ ಸಭೆಯಲ್ಲಿ ಮಿಸ್ಸು ಹೇಳಿದರು: "ನೋಡ್ರಿ, ನಿಮ್ಮ ಮಕ್ಕಳು ಭಾಳ ಶಾಣ್ಯಾ ಇದ್ದಾರ. ಆದರೆ ಬಾಯಾಗ ಹಕಾರ ಇಲ್ಲ. ನಾಳೆ ದೊಡ್ಡ ಶಾಲೆಗೆ ಹೋದರೆ ಮಂದಿ ನಗ್ತಾರ."

ಹಿಂದೆ ಕೂತಿದ್ದ ಒಬ್ಬರು ಎದ್ದು ನಿಂತು, "ನಮ್ಗೇ ಇಲ್ದಿದ್ದು ಮಕ್ಳಿಗೆಲ್ಲಿಂದ ಬತ್ತದ ಮಿಸ್ಸಮ್ಮ? ಅನೂರು ಸಂತೇಲಿ ಸಿಕ್ಕುದ್ರೆ ಒಂದ್ ಸೇರು ತಕಂಡು ಬತ್ತೀನಿ ಬುಡಿ" ಎಂದರು. ಎಲ್ಲರೂ ನಕ್ಕೆವು, ಮಿಸ್ಸೂ ನಕ್ಕರು. ಕಲಿಸಲಿ ಎಂದು ಒಪ್ಪಿಕೊಂಡೇ ಎದ್ದು ಬಂದೆವು.

ಅವರು ಕಲಿಸಿದ ಬಗೆ ಹೀಗಿತ್ತು. ಅಂಗೈಯನ್ನು ಬಾಯಿ ಮುಂದೆ ಹಿಡಿದು ಮಾತಾಡಬೇಕು. ಅಂಗೈಗೆ ಬಿಸಿ ಗಾಳಿ ತಾಗಿದರೆ ಅದು ಹ, ತಾಗದಿದ್ದರೆ ಅ. ಊರಿನ ಮಕ್ಕಳೆಲ್ಲ ಅಂಗೈ ಹಿಡಿದುಕೊಂಡು ಬೀದಿಯಲ್ಲಿ ಓಡಾಡತೊಡಗಿದವು. ನನ್ನ ಮಗಳಂತೂ ಕೊಟ್ಟಿಗೆಯಲ್ಲಿ ಹಸುವಿಗೂ ಅಂಗೈ ಹಿಡಿದೇ ಮಾತಾಡುವಳು. ನಮ್ಮತ್ತೆ ಕಂಡು, "ಏನವ್ವ ಅದು, ಬಾಯ್ ನಾತ ನೋಡ್ಕತಿದ್ದಿಯಾ?" ಎಂದು ಕೇಳಿ ಸೆರಗು ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ಆ ಸುಗ್ಗಿಯಲ್ಲಿ ಆನೆ ನಮ್ಮ ರಾಗಿ ಹೊಲಕ್ಕೆ ಇಳಿದು ಒಂದು ಮೂಲೆಯನ್ನು ತುಳಿದು ಹೋಗಿತ್ತು. ಬೆಳಗ್ಗೆ ಹೆಜ್ಜೆ ಗುರುತು ನೋಡಿದ ಮಗಳು ಹಿಟ್ಟಿನ ಮುದ್ದೆಯನ್ನೂ ತಿನ್ನದೆ ಶಾಲೆಗೆ ಓಡಿದಳು, ಎಲ್ಲರಿಗಿಂತ ಮುಂಚೆ ಹೇಳಬೇಕೆಂದು. ತರಗತಿಯಲ್ಲಿ ಎದ್ದು ನಿಂತು, ಅಂಗೈ ಹಿಡಿದು, ಕಲಿತದ್ದನ್ನೆಲ್ಲ ಒಟ್ಟುಮಾಡಿ ಹೇಳಿದಳಂತೆ: "ಮಿಸ್, ನಮ್ಮ ಹೊಲಕ್ಕೆ ಹಾನೆ ಬಂದಿತ್ತು."

ತರಗತಿ ಗೊಳ್ಳೆಂದಿತು. ಮಿಸ್ಸಿಗೂ ನಗು ತಡೆಯಲಾಗಲಿಲ್ಲ. "ಹೊಲಕ್ಕೆ ಹ ಬೇಕು, ಆನೆಗೆ ಹ ಬೇಡಮ್ಮಾ" ಎಂದರಂತೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಊಟದ ಗಂಟೆ ಹೊಡೆಯುವಷ್ಟರಲ್ಲಿ ನನ್ನ ಮಗಳಿಗೆ ಹಾನೆ ಎಂದೇ ಹೆಸರು ಬಿದ್ದಿತ್ತು. "ಲೇ ಹಾನೆ, ಸೊಂಡ್ಲು ಎಲ್ಲಮ್ಮಿ?" "ಹಾನೆಗೆ ಎರಡ್ ತಟ್ಟೆ ಅನ್ನ ಇಕ್ಕಿ!"

ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವಳು ಎಂದಿನಂತೆಯೇ ಇದ್ದಳು. ಬಿಸಿಯೂಟದ ಅಕ್ಕ ನಲ್ಲಿಯ ಹತ್ತಿರ ಸಿಕ್ಕಿ ನನ್ನ ಬಿಂದಿಗೆ ತುಂಬುತ್ತಿರುವಾಗ ಹೇಳಿದರು: "ನಿನ್ ಮಗ್ಳು ಇಸ್ಕೂಲಲ್ಲಿ ಬಾಯೇ ಬುಡಾದಿಲ್ಲ ಕಣವ್ವ. ಅನ್ನ ಬೇಕಾ ಅಂದ್ರೆ ತಟ್ಟೆ ಮುಂದುಕ್ ನೂಕ್ತಾಳ, ಸಾಕಾ ಅಂದ್ರೆ ತಟ್ಟೆ ಮ್ಯಾಲ್ ಕೈ ಮುಚ್ತಾಳ. ಮೂಗವ್ವ ಆಗೋಗವಳ."

ನೀರು ತುಂಬಿ ಚೆಲ್ಲುತ್ತಿದ್ದರೂ ನಾನು ನೋಡುತ್ತಾ ನಿಂತುಬಿಟ್ಟೆ. ಕಂಡದ್ದನ್ನೆಲ್ಲ ಓದುತ್ತಿದ್ದ ಮಗು. ಅವಳ ಬಾಯಿ ತೆರೆಸು ತಂದೆ ಎಂದು ಮಾದಪ್ಪನಿಗೆ ಮುಡಿಪು ಕಟ್ಟಿ, ಮಾರನೆಯ ದಿನ ಶಾಲೆಗೆ ಹೋದೆ.

ಮಿಸ್ಸಿನ ಮುಂದೆ ಸರಿಯಾಗಿ ಮಾತಾಡಬೇಕೆಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿದ್ದೆ. ಅಲ್ಲಿ ನಿಂತಾಗ ಬಂದದ್ದು ಇಷ್ಟು: "ಮಿಸ್, ಹವಳು ಮಾತೇ ಹಾಡ್ತಾ ಇಲ್ಲ."

ಹೇಳಿದ ಮೇಲೆ ನನಗೇ ಕೇಳಿಸಿತು. ಕಿವಿ ಬಿಸಿಯಾಯಿತು. ಮಿಸ್ಸು ನಗಲಿಲ್ಲ. ಕುರ್ಚಿ ಎಳೆದು ಕೂರಿಸಿ ಹಾನೆಯ ಸಂಗತಿಯನ್ನೆಲ್ಲ ಹೇಳಿದರು. ಆಮೇಲೆ, "ನಾನೂ ಮೈಸೂರಿಗೆ ಟ್ರೈನಿಂಗಿಗೆ ಬಂದಾಗ ನಮ್ಮ ಕಡೆ ಮಾತಿಗೆ ನಕ್ಕಿದ್ರಮ್ಮಾ" ಎಂದರು. "ಈ ಮಕ್ಕಳಿಗೆ ಹಂಗಾಗಬಾರದು ಅಂತ ಕಲಿಸಾಕ ಹೊಂಟೆ. ಮಕ್ಕಳ ಜೋಡಿ ನಾನೂ ನಕ್ಕುಬಿಟ್ಟೆ. ಇನ್ನ ನಾನೇ ಸರಿ ಮಾಡ್ತೀನ್ರಿ."

ಅವರು ಮಾತಿಗೆ ತಪ್ಪಲಿಲ್ಲ. ಅಂಗೈ ಹಿಡಿಯುವುದನ್ನು ಬಿಡಿಸಿದರು. ದಿನಾ ಮೊದಲ ಪೀರಿಯಡ್ಡಿನಲ್ಲಿ ಮಕ್ಕಳು ಮನೆಯ ಸುದ್ದಿಯನ್ನು ಮನೆಯ ಮಾತಿನಲ್ಲೇ ಹೇಳಬಹುದು, ಯಾರೂ ತಿದ್ದುವುದಿಲ್ಲ. ಬರೆಯುವಾಗ ಮಾತ್ರ ಪುಸ್ತಕದ ಮಾತು. ಅಡ್ಡಹೆಸರು ಕರೆದವರನ್ನು ಹೊಡೆಯದೆ ಬೈಯದೆ, ಅವರ ಅಡ್ಡಹೆಸರನ್ನೂ ಕೇಳಿ ಬೋರ್ಡಿನ ಮೇಲೆ ಬರೆದು, 'ಹೇಗಿದೆ?' ಎಂದು ಅವರನ್ನೇ ಓದಿಸಿದರಂತೆ. ಮಗಳಿಗೆ ಬಹಳ ದಿನ ಹಿಡಿಯಿತು. ಮೊದಲು ಮಿಸ್ಸಿನ ಕಿವಿಯಲ್ಲಿ ಓದಿದಳು, ಆಮೇಲೆ ಪಕ್ಕದವಳಿಗೆ ಕೇಳುವಷ್ಟು. ಒಂದು ದಿನ ಪೂರ್ತಿ ಪಾಠವನ್ನು ನಿಂತುಕೊಂಡು ಓದಿದಳು, ಎಲ್ಲಿಯೂ ಎಡವಲಿಲ್ಲ. ಬಿಸಿಯೂಟದ ಅಕ್ಕ ಸೌಟು ಕೈಯಲ್ಲಿ ಹಿಡಿದೇ ನಮ್ಮ ಬಾಗಿಲಿಗೆ ಬಂದು ಹೇಳಿದರು. ಆ ಸೋಮವಾರವೇ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿಪು ಒಪ್ಪಿಸಿದೆವು. ಆ ದಿನದಷ್ಟು ಹಗುರವಾಗಿ ನಾನು ಯಾವತ್ತೂ ಬೆಟ್ಟದ ಬಸ್ಸು ಇಳಿದಿಲ್ಲ.

ಬಾಯಿ ತೆರೆಯಲಿ ಎಂದಷ್ಟೇ ನಾನು ಬೇಡಿಕೊಂಡದ್ದು. ತೆರೆದ ಬಾಯಿ ಯಾರ ಮುಂದೆ ಏನು ಆಡೀತು ಎಂದು ಯಾವ ತಾಯಿ ಯೋಚಿಸುತ್ತಾಳೆ?

ಶಾಲೆಯಲ್ಲಿ ಮಿಸ್ಸು ತಿದ್ದುವುದನ್ನು ನಿಲ್ಲಿಸಿದರು, ಮನೆಯಲ್ಲಿ ಮಗಳು ಶುರುಮಾಡಿದಳು. ಇನ್ನೊಮ್ಮೆ ಯಾರೂ ತನ್ನನ್ನು ನೋಡಿ ನಗಬಾರದೆಂಬ ಹೆದರಿಕೆಯೋ ಏನೋ, ಮನೆಯಲ್ಲೂ ಪುಸ್ತಕದ ಮಾತೇ. "ಅಜ್ಜಿ, ಆಲು ಅಲ್ಲ, ಹಾಲು." "ಅಜ್ಜಿ, ಓಗು ಅಲ್ಲ, ಹೋಗು." ನಮ್ಮತ್ತೆ ಮೊದಮೊದಲು ಆಟವೆಂದೇ ತಿಳಿದಿದ್ದರು. "ನನ್ ಅಲ್ಲೆಲ್ಲ ಉದುರೋದ್ವು ಕಣವ್ವ, ಇನ್ನ ಗಾಳಿ ಎಲ್ಲಿ ನಿಂತದು ಬಾಯಲ್ಲಿ!" ಎನ್ನುತ್ತಿದ್ದರು.

ಮಗಳು ಹುಟ್ಟಿದಾಗಿನಿಂದ ಮಲಗುವುದು ಅಜ್ಜಿಯ ಪಕ್ಕದಲ್ಲಿ. ಉಂಡಾದ ಮೇಲೆ ಕತೆ. ಹುಲಿ ಮೇಲೆ ಬಂದ ಮಾದಪ್ಪ ಒಬ್ಬ ಮುದುಕಿಯ ಬಾಗಿಲಲ್ಲಿ ನಿಂತು ಹಾಲು ಕೇಳುವುದು, ಮುದುಕಿ ಹುಲಿಗೂ ಒಂದು ಬಟ್ಟಲು ಇಡುವುದು, ಹೀಗೆ ಅತ್ತೆ ತಾವೇ ಕಟ್ಟಿಕೊಂಡು ದಿನಕ್ಕಿಷ್ಟು ಬೆಳೆಸುತ್ತಿದ್ದ ಕತೆ. ಆವತ್ತು, "ಉಲಿ ಮ್ಯಾಲ್ ಕುಂತ್ಕಂಡು..." ಎಂದು ಅತ್ತೆ ತೆಗೆಯುತ್ತಿದ್ದಂತೆ ಮಗಳು ತಡೆದಳು. "ಹುಲಿ ಅಜ್ಜಿ, ಹುಲಿ." ಅತ್ತೆ ಕಷ್ಟಪಟ್ಟು 'ಹುಲಿ' ಎಂದರು. ಮೊಮ್ಮಗಳು ಸೈ ಎಂದಳು. ಅತ್ತೆಗೂ ಹುರುಪು ಬಂದಿರಬೇಕು. ಗಂಟಲು ಸರಿಮಾಡಿಕೊಂಡು, "ಹುಲಿ ಮ್ಯಾಲ್ ಕುಂತ್ಕಂಡು ಮಾದಪ್ಪ ಹೇಳುಮಲೆ ದಾಟ್ಕಂಡು..." ಎಂದರು.

ಏಳುಮಲೆ ಹೇಳುಮಲೆಯಾಗಿತ್ತು. ಮಗಳು ನಕ್ಕಳು. ಅವಳ ತರಗತಿ ಅವಳನ್ನು ನೋಡಿ ನಕ್ಕಂತೆಯೇ, ಹೊಟ್ಟೆ ಹಿಡಿದುಕೊಂಡು.

ಅತ್ತೆ ಕಂಬಳಿ ಎಳೆದುಕೊಂಡರು. "ನಿದ್ದ ಬತ್ತದ ಕಣವ್ವ, ಮನಿಕೊ" ಎಂದು ಗೋಡೆ ಕಡೆ ತಿರುಗಿಕೊಂಡರು.

ಬೆಳಗ್ಗೆ ನಾನು ಮಗಳನ್ನು ಕೂರಿಸಿಕೊಂಡು, "ನಿನ್ನ ಆಡ್ಕಂಡಾಗ ನಿಂಗೆಂಗಾಗಿತ್ತು?" ಎಂದು ಕೇಳಿದೆ. ಅವಳಿಗೆ ಒಮ್ಮೆಲೇ ಅರ್ಥವಾಯಿತು. ಓಡಿಹೋಗಿ ಅಜ್ಜಿಯ ಕಾಲು ತಬ್ಬಿಕೊಂಡು ಅತ್ತಳು. ಅತ್ತೆಯದು ದೊಡ್ಡ ಮನಸ್ಸು. "ನಂಗ್ಯಾವ ಕ್ವಾಪ ಮಗ? ನೀನು ಇಸ್ಕೂಲ್ ಮಾತ್ನೇ ಕಲ್ತ್ಕೊ" ಎಂದು ಕಣ್ಣು ಒರೆಸಿದರು. ಕೋಪ ನಿಜವಾಗಿಯೂ ಇರಲಿಲ್ಲ. ಆದರೆ ಕತೆಯೂ ಬರಲಿಲ್ಲ. ಆ ರಾತ್ರಿಯೂ ಇಲ್ಲ, ಆಮೇಲೆಯೂ ಇಲ್ಲ. ಕೇಳಿದರೆ, "ಮರ್ತೋಯ್ತು ಕಣವ್ವ" ಎನ್ನುವರು.

ಮಿಸ್ಸಿಗೆ ಹೇಳಿದೆ. ಅವರು ತಾವೇ ಮನೆಗೆ ಬಂದು, "ಶಾಲೆಗೆ ಬಂದು ಮಕ್ಕಳಿಗೆ ನಿಮ್ಮ ಮಾತಿನಾಗ ಒಂದು ಕತಿ ಹೇಳ್ರಿ ಅಜ್ಜಿ" ಎಂದು ಕರೆದರು. ಅತ್ತೆ ಅವರಿಗೆ ಕಾಫಿ ಕೊಡಿಸಿದರು, ಮಜ್ಜಿಗೆ ಮೆಣಸಿನಕಾಯಿ ಕಟ್ಟಿಕೊಟ್ಟರು. "ಅಲ್ಲಿ ಬೋರ್ಡ್ ಅದ ಕಣ್ ತಾಯಿ, ಎದ್ರಿಕ ಆಯ್ತದ" ಎಂದು ನಕ್ಕು ಹೋಗದೇ ಉಳಿದರು.

ಎಣಿಸಿದರೆ ಮಾದಪ್ಪ ಕೊಟ್ಟದ್ದು ಕಡಿಮೆಯಲ್ಲ. ಮಗಳು ಈಗ ಐದನೇ ತರಗತಿ, ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಾಳೆ. ಮಿಸ್ಸು ವರ್ಗ ಕೇಳಿಲ್ಲ. ಅತ್ತೆ ಗಟ್ಟಿಯಾಗಿದ್ದಾರೆ, ಅಡುಗೆಮನೆಯಲ್ಲಿ ನನ್ನೊಡನೆ ಸೊಪ್ಪು ಬಿಡಿಸುತ್ತಾ ಊರಿನ ಸುದ್ದಿಯೆಲ್ಲ ಮಾತಾಡುತ್ತಾರೆ. ಮಗಳ ಹೆಜ್ಜೆ ಸಪ್ಪಳವಾದಾಗ ಮಾತು ಸಣ್ಣದಾಗುತ್ತದೆ, ಅಷ್ಟೆ.

ಮೊನ್ನೆ ಮಗಳು ನನ್ನ ಪಕ್ಕ ಮಲಗಿ, "ಆ ಮುದುಕಿ ಹುಲಿಗೆ ಬಟ್ಟಲು ಇಟ್ಟ ಮೇಲೆ ಏನಾಯ್ತಮ್ಮ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಕತೆ ಅಲ್ಲಿಗೆ ಬರುವ ಹೊತ್ತಿಗೆ ದಿನವೂ ಅವಳಿಗೆ ನಿದ್ದೆ ಹತ್ತಿರುತ್ತಿತ್ತು, ನಾನು ಎದ್ದು ಹಿತ್ತಲಿಗೆ ಮುಸುರೆ ತೊಳೆಯಲು ಹೋಗುತ್ತಿದ್ದೆ.