ಅಪ್ಪನ ಪತ್ರ ದೆಹಲಿಯ ಮೇಜಿನ ಮೇಲೆ

ನಮ್ಮಪ್ಪನಿಗೆ ಪತ್ರಿಕೆಗಳಿಗೆ ಪತ್ರ ಬರೆಯುವ ಚಟವಿತ್ತು. ಮಿಡ್ಲ್ ಸ್ಕೂಲಿನ ಮೇಷ್ಟ್ರು. ಸಂಜೆ ಮನೆಗೆ ಬಂದು, ಕಾಫಿ ಕುಡಿದು, ಎರಡು ಬಿಳಿ ಹಾಳೆಯ ನಡುವೆ ಕಾರ್ಬನ್ ಇಟ್ಟುಕೊಂಡು ಕೂತರೆ ಆ ದಿನ ಯಾವುದೋ ಒಂದು ಇಲಾಖೆಗೆ ಗ್ರಹಚಾರ ಎಂದೇ ಅರ್ಥ. ನಲ್ಲಿ ನೀರು, ಬೀದಿ ದೀಪ, ಬೀಡಾಡಿ ಹಸು, ಯಾವುದನ್ನೂ ಬಿಟ್ಟವರಲ್ಲ. ಆದರೆ ಅವರ ಪರಮ ಶತ್ರು ಬಸ್ಸು. ನಾವಿದ್ದದ್ದು ವಿಜಯನಗರದ ಕೊನೆಯಲ್ಲಿ, ಮಾರೇನಹಳ್ಳಿಗೆ ಅಂಟಿಕೊಂಡಂತೆ. ಮನೆಯ ಹಿಂದೆ ರಾಗಿ ಹೊಲ. ಬೋರ್ಡಿನಲ್ಲಿ ನಮ್ಮ ಸ್ಟಾಪಿನ ಹೆಸರಿದ್ದರೂ ಬಸ್ಸು ಎರಡು ಸ್ಟಾಪು ಹಿಂದೆಯೇ ತಿರುಗಿಬಿಡುತ್ತಿತ್ತು. ಮುಂದೆ ತಿರುಗಿಸಲು ಜಾಗ ಇಲ್ಲ ಎಂಬುದು ಡ್ರೈವರ್ ಹೇಳುವ ಕಾರಣ. ಅಪ್ಪ ಒಂದು ಭಾನುವಾರ ರಸ್ತೆಗೆ ಹಗ್ಗ ಹಿಡಿದು ಅಳೆದು, ಜಾಗವಿದೆ ಎಂದು ಸಾಬೀತು ಮಾಡಿ ಪತ್ರ ಬರೆದರು. ಅದು ಅಚ್ಚಾಗಲಿಲ್ಲ. ಇನ್ನೊಂದು ಬರೆದರು.

ಬಿ.ಎ.ಯಲ್ಲಿ ನನಗೆ ಪತ್ರಿಕೋದ್ಯಮ ಒಂದು ವಿಷಯವಾಗಿತ್ತು. ನಮ್ಮ ಮೇಡಂ ಅದು ಹೇಗೋ ಪ್ರಯತ್ನ ಮಾಡಿ, ಕ್ಲಾಸಿನ ಇಬ್ಬರು ಹುಡುಗಿಯರನ್ನು ಆರು ವಾರಗಳ ಮಟ್ಟಿಗೆ ದೆಹಲಿಯ ಒಂದು ಸರ್ಕಾರಿ ಕಚೇರಿಗೆ ಕಳಿಸುವ ಏರ್ಪಾಡು ಮಾಡಿದರು. ಇಂಟರ್ನ್‌ಶಿಪ್ ಎಂಬ ಮಾತನ್ನು ಆಗ ಯಾರೂ ಕೇಳಿರಲಿಲ್ಲ. ನಮಗದು ಟ್ರೈನಿಂಗು. ಇಬ್ಬರಲ್ಲಿ ನಾನೊಬ್ಬಳು. ಇನ್ನೊಬ್ಬಳು ಕೆಂಗೇರಿಯ ಜಮೀನ್ದಾರರ ಮನೆಯವಳು. ಜೋರು ಗಂಟಲು, ಟೈಪಿಂಗಿನಲ್ಲಿ ಹೈಯರ್ ಗ್ರೇಡು, ಹೆದರಿಕೆ ಅನ್ನುವುದು ಗೊತ್ತೇ ಇಲ್ಲ. “ಅಷ್ಟು ದೂರ ಟ್ರೈನಲ್ಲಿ ಕೂತ್ರೆ ಅರ್ಧ ಟ್ರೈನಿಂಗ್ ಮುಗ್ದಂಗೇ ಕಣೇ,” ಎಂದಳು. ಅವರಪ್ಪ ಸ್ಟೇಷನ್ನಿಗೆ ಬಂದು ಹುರಿಹಿಟ್ಟಿನ ಡಬ್ಬವನ್ನು ಕಿಟಕಿಯಿಂದ ಒಳಗೆ ತುರುಕಿದರು. ನಮ್ಮಪ್ಪ ನನ್ನ ಕೈಗೆ ಡಿಕ್ಷನರಿ ಕೊಟ್ಟರು.

ಕಚೇರಿಯ ಕೆಲಸ ಇಷ್ಟೇ. ದೇಶದ ಎಲ್ಲ ಭಾಷೆಗಳ ಪತ್ರಿಕೆಗಳು ಮೂರು ದಿನ ತಡವಾಗಿ ಅಲ್ಲಿಗೆ ಬರುತ್ತಿದ್ದವು. ಒಂದೊಂದು ಭಾಷೆಗೆ ಒಂದೊಂದು ಮೇಜು. ಸರ್ಕಾರ ತಿಳಿದುಕೊಳ್ಳಬೇಕಾದ ಸುದ್ದಿಯನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲಿಗೆ ಇಳಿಸಿ ಮೇಲಿನವರಿಗೆ ಕಳಿಸಬೇಕು. ಕನ್ನಡದ ಮೇಜಿನವರು ಮಗಳ ಮದುವೆಗೆಂದು ಎರಡು ತಿಂಗಳು ರಜೆ ಹಾಕಿ ಊರಿಗೆ ಹೋಗಿದ್ದರು. ಹಾಗಾಗಿ ಆ ಕಟ್ಟಡದಲ್ಲೆಲ್ಲ ಕನ್ನಡ ಓದಬಲ್ಲವರು ನಾವಿಬ್ಬರೇ.

ನಮ್ಮ ಸೆಕ್ಷನ್ ಅಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ ಪಂಜಾಬಿ. ದಿನವೂ ಹನ್ನೊಂದು ಗಂಟೆಗೆ ಒದ್ದೆ ಕರವಸ್ತ್ರವನ್ನು ಕುತ್ತಿಗೆಗೆ ಹಾಕಿಕೊಂಡು ಹಾಜರಿ ಕರೆದ ಹಾಗೆ ಒಂದೊಂದೇ ರಾಜ್ಯವನ್ನು ಕೂಗುತ್ತಿದ್ದರು. ಬಂಗಾಳದವರದು ಎರಡು ಪುಟ. ಕೇರಳದವರದು ಮೂರು. ಕೊನೆಗೆ “ಮೈಸೂರ್?” ಎನ್ನುತ್ತಿದ್ದರು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಹೆಚ್ಚು ಕಾಲವಾಗಿರಲಿಲ್ಲ, ಅವರ ನಾಲಗೆಗೆ ಅದಿನ್ನೂ ತಲುಪಿರಲಿಲ್ಲ. ನಾನು ಎದ್ದು ನಿಂತು, ಕಳಿಸುವಂಥ ಸುದ್ದಿ ಏನೂ ಇಲ್ಲ ಎಂಬ ಅರ್ಥದಲ್ಲಿ “ನಿಲ್, ಸರ್,” ಎನ್ನುತ್ತಿದ್ದೆ.

ಎರಡು ವಾರ ಹೀಗೇ ಕಳೆದ ಮೇಲೆ ಗೆಳತಿಗೆ ತಡೆಯಲಾಗಲಿಲ್ಲ. “ಏನೇ ಇದು, ದಿನಾ ನಿಲ್ ನಿಲ್ ಅಂತೀಯ. ನಮ್ಮ ಕಡೆ ಜನಾನೇ ಇಲ್ಲ ಅಂದ್ಕೊಂಡಿರ್ತಾರೆ,” ಎಂದಳು.

“ಇಲ್ದೇ ಇರೋ ಸುದ್ದೀನ ಎಲ್ಲಿಂದ ತರ್ಲಿ?”

“ಹುಡುಕಿದ್ರೆ ಇರುತ್ತೆ,” ಎಂದು ಅವಳು ಪತ್ರಿಕೆಯೊಂದರ ಓದುಗರ ಪತ್ರಗಳ ಪುಟವನ್ನು ಬಿಡಿಸಿದಳು. ಮೂಲೆಯಲ್ಲಿ ನಮ್ಮಪ್ಪನ ಹೆಸರಿತ್ತು. ಹಗ್ಗದಲ್ಲಿ ಅಳೆದ ರಸ್ತೆಯ ಪತ್ರ ಕೊನೆಗೂ ಅಚ್ಚಾಗಿತ್ತು. ಅಷ್ಟು ದೂರದಲ್ಲಿ ಕೂತು ಅದನ್ನು ನೋಡಿದಾಗ ಅಪ್ಪನೇ ಕೊಡೆ ಹಿಡಿದು ಕಚೇರಿಯ ಒಳಗೆ ಬಂದಂತಾಯಿತು. ಗೆಳತಿ ನನ್ನ ಮುಖ ನೋಡಿದಳು. ನಾನು ಬೇಡ ಎನ್ನಲಿಲ್ಲ. ತಪ್ಪು ಅಲ್ಲಿಂದಲೇ ಶುರುವಾಯಿತು.

ನಾನು ಹೇಳುತ್ತಾ ಹೋದೆ, ಅವಳು ಟೈಪ್ ಮಾಡಿದಳು. ಅಪ್ಪ ಬರೆದಿದ್ದದ್ದು ಒಂದು ಬಸ್ಸಿನ ವಿಷಯ. ನಮ್ಮ ಇಂಗ್ಲಿಷಿನಲ್ಲಿ ಅದು “ಬೆಂಗಳೂರಿನ ಪಶ್ಚಿಮ ಬಡಾವಣೆಗಳ ನಾಗರಿಕರಲ್ಲಿ ಸಾರಿಗೆಯ ಕುರಿತು ತೀವ್ರ ಆತಂಕ” ಎಂದಾಯಿತು. ಹಗ್ಗದಲ್ಲಿ ಅಳೆದದ್ದು “ನಾಗರಿಕರೇ ಕೈಗೊಂಡ ಸ್ವತಂತ್ರ ಸಮೀಕ್ಷೆ”. ಹನ್ನೊಂದು ಗಂಟೆಗೆ “ಮೈಸೂರ್?” ಎಂಬ ಕೂಗು ಬಂದಾಗ ಗೆಳತಿಯೇ ಹಾಳೆ ಹಿಡಿದು ಎದ್ದಳು.

ಅಧಿಕಾರಿ ಕನ್ನಡಕ ಏರಿಸಿ ಓದಿದರು. “ಈ ಪತ್ರ ಬರೆದವರು ಯಾರು?”

“ಶಿಕ್ಷಣ ತಜ್ಞರು, ಸರ್. ಆ ಭಾಗದಲ್ಲಿ ಅವರ ಮಾತಿಗೆ ತೂಕವಿದೆ,” ಎಂದಳು ಗೆಳತಿ.

ಅವರು ತಲೆಯಾಡಿಸಿ ಹಾಳೆಯನ್ನು ಉಳಿದವುಗಳ ಜೊತೆ ಸೇರಿಸಿದರು. ಆ ದಿನ ಮಧ್ಯಾಹ್ನ ನಾವು ಹುಲ್ಲುಹಾಸಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆವು. ಹಾಳೆ ಯಾವುದಾದರೂ ಬೀರುವಿನಲ್ಲಿ ಮಲಗುತ್ತದೆ ಎಂದುಕೊಂಡಿದ್ದೆವು. ಅದು ಮಲಗಲಿಲ್ಲ. ನಾಲ್ಕನೇ ದಿನ ಅಂಚಿನಲ್ಲಿ ಹಸಿರು ಶಾಯಿಯ ಎರಡು ಸಾಲು ಹೊತ್ತು ವಾಪಸ್ ಬಂತು: ವಿಚಾರಿಸಿ, ವರದಿ ತರಿಸಿ. ಮೇಲೆ ಯಾರೋ ಒಬ್ಬರು ಅದನ್ನು ನಿಜವಾಗಿಯೂ ಓದಿದ್ದರು. ಬೆಂಗಳೂರಿಗೆ ಕಾಗದ ಹೋಯಿತು.

ಹತ್ತು ದಿನದ ಮೇಲೆ ಅಮ್ಮನ ಇನ್‌ಲ್ಯಾಂಡ್ ಲೆಟರ್ ಬಂತು. ಅಮ್ಮ ಮಾತಾಡಿದಂತೆಯೇ ಬರೆಯುವವಳು. “ಮೊನ್ನೆ ಮನೆ ಮುಂದೆ ಜೀಪು ಬಂದಿತ್ತು. ಇಬ್ಬರು ಇಳಿದು ನಿಮ್ಮಪ್ಪನ ಹೆಸರು ಹೇಳಿ, ದಿಲ್ಲಿಯಿಂದ ವಿಚಾರಣೆ ಬಂದಿದೆ, ಸಮೀಕ್ಷೆ ಮಾಡಿದ್ದು ನೀವೇನಾ ಅಂತ ಕೇಳಿದರು. ನಿಮ್ಮಪ್ಪ ಆ ಹೆಸರಿನವರು ಈ ಬೀದಿಯಲ್ಲಿ ಇಬ್ಬರಿದ್ದಾರೆ ಅಂದುಬಿಟ್ಟರು. ಅವರು ಹೋದ ಮೇಲೆ ಹನ್ನೆರಡು ವರ್ಷದ ಪತ್ರಗಳ ಕಾಪಿ ಎಲ್ಲ ಹಂಡೆ ಒಲೆಗೆ ಹಾಕಿದರು. ಒಂದು ವಾರದ ಸೌದೆ ಉಳೀತು. ಈಗ ಯಾರ ಹತ್ತಿರವೂ ಮಾತಿಲ್ಲ. ಅಲ್ಲಿ ನಿನಗೇನಾದರೂ ಗೊತ್ತಾದರೆ ತಿಳಿಸು.”

ಅದನ್ನು ಓದಿ ಮೊದಲು ನಗು ಬಂತು. ಆಮೇಲೆ ಆ ಕಾಪಿಗಳ ನೆನಪಾಯಿತು. ಒಂದೊಂದು ಅಕ್ಷರವನ್ನೂ ದುಂಡಗೆ ಬರೆದು, ತಾರೀಖು ಹಾಕಿ, ದಾರ ಕಟ್ಟಿ ಇಟ್ಟಿದ್ದ ಕಟ್ಟುಗಳವು. ಗೆಳತಿಯೂ ಕಾಗದವನ್ನು ಎರಡು ಸಲ ಓದಿದಳು. ಕೊನೆಗೆ “ನಡಿಯೇ, ಸಾಹೇಬ್ರಿಗೆ ಹೇಳ್ಬಿಡೋಣ. ಟ್ರೈನಿಂಗಿಂದ ಓಡಿಸಿದ್ರೆ ಓಡಿಸ್ಲಿ,” ಎಂದಳು.

ಅಧಿಕಾರಿಯ ಮುಂದೆ ನಿಂತು ನಾನು ಎಲ್ಲವನ್ನೂ ಹೇಳಿದೆ. ಪತ್ರ ನಮ್ಮಪ್ಪನದು, ಆತಂಕ ನಮ್ಮದು, ಸಮೀಕ್ಷೆ ಒಂದು ಹಗ್ಗದ್ದು ಎಂದು. ಅವರು ಬಹಳ ಹೊತ್ತು ಕುತ್ತಿಗೆ ಒರೆಸಿಕೊಂಡರು.

“ಬಸ್ಸು ಬರುವುದಿಲ್ಲ ಎಂಬುದಾದರೂ ನಿಜವೇ?”

“ನಿಜ, ಸರ್.”

“ಹತ್ತೊಂಬತ್ತು ವರ್ಷದಿಂದ ಈ ಕುರ್ಚಿಯಲ್ಲಿದ್ದೇನೆ. ಇಲ್ಲಿಂದ ಹೋದ ಹಾಳೆಗೆ ಮೇಲಿಂದ ಉತ್ತರ ಬಂದದ್ದನ್ನು ಮೊದಲ ಸಲ ನೋಡುತ್ತಿದ್ದೇನೆ. ದಯವಿಟ್ಟು ಅದನ್ನು ಹಾಳುಮಾಡಬೇಡಿ. ಹೋಗಿ ಕೆಲಸ ನೋಡಿ.”

ಹೋಗುತ್ತಿದ್ದವರನ್ನು ಮತ್ತೆ ಕರೆದು, ಇನ್ನು ಮುಂದೆ ನಮ್ಮ ನೆಂಟರು ಯಾರಾದರೂ ಪತ್ರಿಕೆಗೆ ಬರೆದರೆ ಮೊದಲೇ ತಿಳಿಸಬೇಕೆಂದರು. ಮುಖದಲ್ಲಿ ನಗುವಿರಲಿಲ್ಲ. ಆದರೆ ಮರುದಿನ “ಕರ್ನಾಟಕ?” ಎಂದು ಕೂಗಿದರು. ಗೆಳತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಊರಿಗೆ ಮರಳಿದ ದಿನ ನಾನು ಬಸ್ಸಿನಲ್ಲಿಯೇ ಮನೆಯ ತನಕ ಬಂದೆ. ನಿಜವಾಗಿಯೂ ಮನೆಯ ತನಕ. ಸ್ಟಾಪಿನ ಕಂಬವನ್ನು ನೆಟ್ಟಿದ್ದದ್ದು ನಮ್ಮ ಗೇಟಿನ ಪಕ್ಕದಲ್ಲೇ. ಕಾಂಪೌಂಡಿನ ಮೇಲೆ ನಾಲ್ಕು ಜನ ಕೂತಿದ್ದರು. ಒಬ್ಬಾಕೆ ಅಮ್ಮನ ದಾಸವಾಳ ಕೀಳುತ್ತಿದ್ದಳು, ಇನ್ನೊಬ್ಬರು ಕುಡಿಯಲು ನೀರು ಕೇಳುತ್ತಿದ್ದರು. ಅಪ್ಪ ಜಗಲಿಯ ಮೇಲೆ, ಈ ಪ್ರಪಂಚಕ್ಕೂ ತಮಗೂ ಸಂಬಂಧವಿಲ್ಲ ಎಂಬಂತೆ, ಮಕ್ಕಳ ನೋಟ್ ಬುಕ್ಕು ತಿದ್ದುತ್ತಿದ್ದರು.

ಊಟವಾದ ಮೇಲೆ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ತಾಂಬೂಲ ಜಗಿಯುವುದನ್ನು ನಿಲ್ಲಿಸಿದರು. “ನಿನ್ನ ಹುಡುಗಾಟಕ್ಕೆ ನನ್ನ ಕಾಗದವೆಲ್ಲ ಬೂದಿ ಆಯ್ತು ಕಣೇ,” ಎಂದರು. ಅಷ್ಟೇ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವರು ಬೈದಿದ್ದರೆ ಸುಲಭವಾಗುತ್ತಿತ್ತು.

ಮೂರನೆಯ ದಿನ ಗೆಳತಿ ಕೆಂಗೇರಿಯಿಂದ ಬಂದಳು. ಅಪ್ಪನ ಮುಂದೆ ನಿಂತು, “ತಪ್ಪು ನಂದೂ ಇದೆ ಮೇಷ್ಟ್ರೇ, ಟೈಪ್ ಮಾಡಿದ್ದು ನಾನು,” ಎಂದಳು.

ಅಪ್ಪ ತಿದ್ದುತ್ತಿದ್ದ ನೋಟ್ ಬುಕ್ಕು ಮುಚ್ಚಿದರು. “ಅದನ್ನ ಓದಿದೋರು ಯಾರು? ದೊಡ್ಡ ಆಫೀಸರಾ?”

“ಭಾಳ ದೊಡ್ಡೋರು. ಹಸಿರು ಇಂಕಲ್ಲಿ ಬರೀತಾರೆ.”

“ಏನಂತ ಬರ್ದಿದ್ರಿ, ಹೇಳು ನೋಡೋಣ.”

ಅವಳಿಗೆ ಅದು ಬಾಯಿಪಾಠವಾಗಿತ್ತು. ಇಂಗ್ಲಿಷಿನ ಆ ನಾಲ್ಕು ಸಾಲನ್ನೂ ಗಟ್ಟಿಯಾಗಿ ಹೇಳಿದಳು. ಅಪ್ಪ ಕಣ್ಣು ಮುಚ್ಚಿ ಕೇಳಿದರು, ಇನ್ನೊಂದು ಸಲ ಹೇಳಿಸಿದರು. ‘ಸ್ವತಂತ್ರ ಸಮೀಕ್ಷೆ’ ಬಂದಾಗ ತುಟಿಯ ಅಂಚು ಸ್ವಲ್ಪ ಅಲುಗಿತು.

“ಎರಡನೇ ವಾಕ್ಯದಲ್ಲಿ ‘ದಿ’ ಬಿಟ್ಟಿದೀರಿ,” ಎಂದು ಹೇಳಿ, ಅವಳಿಗೆ ಕಾಫಿ ತರುವಂತೆ ಅಮ್ಮನನ್ನು ಕೂಗಿದರು.